ಅರಿವಿನ ಹಂಚಿಕೆ: ಕಾರ್ಯಸ್ಥಳದ ಸಂಸ್ಕೃತಿ ಮತ್ತು ನಾಯಕತ್ವ



ನಾನು ಅಧ್ಯಾಪಕನಾಗಿ ಮೊದಲು ಸೇರಿದ ಕಾಲೇಜಿನ ಕನ್ನಡ ವಿಭಾಗದಲ್ಲಿ ಒಂದು ಕಬ್ಬಿಣದ ಕಪಾಟು ಇತ್ತು. ಅದರ ಬೀಗದ ಕೈ ಹಿರಿಯ ಪ್ರಾಧ್ಯಾಪಕರೊಬ್ಬರ ಜೇಬಿನಲ್ಲಿರುತ್ತಿತ್ತು. ಮರಾಠಿ ಮಾಧ್ಯಮದಲ್ಲಿ ಓದಿ ಬಂದ ಗಡಿಭಾಗದ ಮಕ್ಕಳಿಗೆ ಹಳಗನ್ನಡ ಪದ್ಯವನ್ನು ಬಿಡಿಸಿ ಹೇಳುವುದರಲ್ಲಿ ಅವರನ್ನು ಮೀರಿಸುವವರು ನಮ್ಮ ಸೀಮೆಯಲ್ಲಿ ಇರಲಿಲ್ಲ. ಇತರರ ತರಗತಿಯಲ್ಲಿ ಕಂದಪದ್ಯವೆಂದರೆ ಬೆದರುತ್ತಿದ್ದ ಹುಡುಗರು ಅವರ ತರಗತಿಯಿಂದ ಅದೇ ಪದ್ಯವನ್ನು ಗುನುಗುತ್ತ ಹೊರಬರುತ್ತಿದ್ದರು. ಇದು ಹೇಗೆ ಸಾಧ್ಯವಾಗುತ್ತಿತ್ತೆಂದು ನಾನು ಅವರನ್ನು ಒಮ್ಮೆಯೂ ನೇರವಾಗಿ ಕೇಳಲಿಲ್ಲ. ಅವರೂ ಹೇಳಲಿಲ್ಲ.

ಅವರು ನಿವೃತ್ತರಾದ ದಿನ ಕಪಾಟಿನ ಬೀಗದ ಕೈ ನನ್ನ ಕೈಗೆ ಬಂದಿತು. ತೆರೆದು ನೋಡಿದರೆ ಹಳೆಯ ಪ್ರಶ್ನಪತ್ರಿಕೆಗಳು, ದಾಸ್ತಾನು ಪುಸ್ತಕ, ಒಂದಿಷ್ಟು ಟಿಪ್ಪಣಿಗಳು. ಆ ಕಲಿಸುವ ಬಗೆ ಮಾತ್ರ ಕಪಾಟಿನಲ್ಲಿರಲಿಲ್ಲ. ಅದು ಅವರೊಂದಿಗೆ ಮನೆಗೆ ಹೋಗಿತ್ತು. ಮುಂದೆ ಅವರ ಹಳೆಯ ವಿದ್ಯಾರ್ಥಿಗಳನ್ನು ಕೇಳಿ ಕೇಳಿ ಅದನ್ನು ತುಣುಕುತುಣುಕಾಗಿ ಜೋಡಿಸಿಕೊಂಡೆ. ಮಕ್ಕಳು ಮರಾಠಿ ವ್ಯಾಕರಣದ ಪಾಠದಲ್ಲಿ ‘ಯಮಾತಾರಾಜಭಾನಸಲಗಂ’ ಎಂಬ ಗಣಸೂತ್ರವನ್ನು ಮೊದಲೇ ಕಲಿತಿರುತ್ತಾರೆ. ಶಾರ್ದೂಲವಿಕ್ರೀಡಿತ, ಮಾಲಿನೀ ಮೊದಲಾದ ವೃತ್ತಗಳ ನಡೆ ಅವರ ಕಿವಿಗೆ ಪರಿಚಿತವಾಗಿರುತ್ತದೆ. ಅವರು ಪಾಠವನ್ನು ಅಲ್ಲಿಂದ ಆರಂಭಿಸುತ್ತಿದ್ದರು. ಗೊತ್ತಿರುವ ವೃತ್ತದ ದಾರಿಯಲ್ಲಿ ಪಂಪನ ಶಾರ್ದೂಲಕ್ಕೆ, ಮತ್ತೇಭಕ್ಕೆ ಕರೆತಂದು, ಕಿವಿ ಪಳಗಿದ ಮೇಲೆಯೇ ಮಾತ್ರಾಗಣದ ಕಂದಕ್ಕೆ ಇಳಿಸುತ್ತಿದ್ದರು. ಇಷ್ಟನ್ನು ಕಂಡುಕೊಳ್ಳಲು ನನಗೆ ಸುಮಾರು ಹತ್ತು ವರ್ಷ ಹಿಡಿಯಿತು. ಅದರ ಬೆಲೆಯನ್ನು ಆ ಹತ್ತು ವರ್ಷಗಳ ವಿದ್ಯಾರ್ಥಿಗಳು ತೆತ್ತರು.

ಬಹುಕಾಲ ನಾನು ಆ ಹಿರಿಯರನ್ನು ವಿದ್ಯೆಯ ವಿಷಯದಲ್ಲಿ ಜಿಪುಣರೆಂದೇ ತಿಳಿದಿದ್ದೆ. ಈಗ ಹಾಗೆ ಅನಿಸುವುದಿಲ್ಲ. ಅವರ ತರಗತಿಯಲ್ಲಿ ಕುಳಿತು ನೋಡಲು ಯಾರೂ ಬಂದಿರಲಿಲ್ಲ. ವಿಭಾಗದ ಸಭೆಗಳಲ್ಲಿ ಹಾಜರಿ, ಫಲಿತಾಂಶ, ತಾಸುಗಳ ಹಂಚಿಕೆ ಇವಿಷ್ಟೇ ಚರ್ಚೆಯಾಗುತ್ತಿದ್ದವು. ಸೇವಾಜ್ಯೇಷ್ಠತೆಯ ತಕರಾರಿನಲ್ಲಿ ಅವರು ಒಮ್ಮೆ ನೊಂದಿದ್ದರೆಂಬುದೂ ನನಗೆ ಆಮೇಲೆ ತಿಳಿಯಿತು. ಒಬ್ಬ ಮನುಷ್ಯನು ತಾನು ಬಲ್ಲುದನ್ನು ಸಹೋದ್ಯೋಗಿಗೆ ಹೇಳದೆ ಉಳಿದರೆ ಆ ಮೌನಕ್ಕೆ ಅವನ ಸ್ವಭಾವ ಎಷ್ಟು ಕಾರಣ, ಅವನು ದುಡಿಯುವ ಸ್ಥಳ ಎಷ್ಟು ಕಾರಣ? ಈ ಲೇಖನದ ವಿಷಯ ಇದು. ಕನ್ನಡ ಐಚ್ಛಿಕದ ವಿದ್ಯಾರ್ಥಿಗಳಿಗೆ ಇದು ಹೊರಗಿನ ವಿಷಯವೆನಿಸಬಹುದು. ಆದರೆ ನಾಳೆ ನೀವು ಶಾಲೆಗೋ ಬ್ಯಾಂಕಿಗೋ ಪಂಚಾಯತಿಗೋ ಗಿರಣಿಯ ಕಚೇರಿಗೋ ಹೋಗುವವರು. ಇಲ್ಲಿ ಕಲಿತ ಭಾಷೆಯನ್ನು ಅಲ್ಲಿ ಬಳಸಬೇಕಾದವರು.

ಎರಡು ಬಗೆಯ ಅರಿವು

ಮೊದಲು ‘ಜ್ಞಾನ’ವೆಂಬ ಪದವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಒಂದು ಕಚೇರಿಯಲ್ಲಿ ನಿಯಮಾವಳಿ, ನಮೂನೆ, ಕಡತ, ಕೈಪಿಡಿ ಇರುತ್ತವೆ. ಇವು ಬರಹಕ್ಕೆ ಬಂದ ಅರಿವು, ಇವನ್ನು ವ್ಯಕ್ತಜ್ಞಾನವೆನ್ನೋಣ. ಯಾವ ಅರ್ಜಿಗೆ ಯಾರ ಸಹಿ ಮೊದಲು ಬೇಕು, ಯಾವ ತಪ್ಪು ಪದೇ ಪದೇ ಆಗುತ್ತದೆ, ಸಿಟ್ಟಿಗೆದ್ದು ಬಂದವರೊಡನೆ ಮಾತು ಹೇಗೆ ಆರಂಭಿಸಬೇಕು ಎಂಬಂತಹ ಅರಿವು ಯಾವ ಕೈಪಿಡಿಯಲ್ಲಿಯೂ ಇರುವುದಿಲ್ಲ. ಅದು ಅನುಭವಿಯ ಕೈಯಲ್ಲಿ, ಕಣ್ಣಿನಲ್ಲಿ, ನಾಲಿಗೆಯಲ್ಲಿ ನೆಲೆಸಿರುತ್ತದೆ, ಇದು ಅವ್ಯಕ್ತಜ್ಞಾನ. ರಸಾಯನಶಾಸ್ತ್ರಜ್ಞನಾಗಿದ್ದು ತತ್ತ್ವಶಾಸ್ತ್ರಕ್ಕೆ ಬಂದ ಮೈಕೆಲ್ ಪೊಲಾನಿ 1966ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇದನ್ನೇ ವಿವೇಚಿಸಿದನು. ಮನುಷ್ಯನು ಬಾಯಿಬಿಟ್ಟು ಹೇಳಬಲ್ಲುದಕ್ಕಿಂತ ಅವನಿಗೆ ತಿಳಿದಿರುವುದು ಯಾವಾಗಲೂ ಹೆಚ್ಚು ಎಂಬುದು ಅವನ ವಾದದ ತಿರುಳು.

ಈ ವಿಚಾರ ಕನ್ನಡಕ್ಕೆ ಹೊಸದಲ್ಲ. ನೀವೆಲ್ಲರೂ ಓದಿರುವ ಸೋಮೇಶ್ವರ ಶತಕದ ಪ್ರಸಿದ್ಧ ಪದ್ಯವೊಂದನ್ನು ನೆನಪಿಸಿಕೊಳ್ಳಿ. ಮನುಷ್ಯನು ಎಲ್ಲವನ್ನೂ ಬಲ್ಲವನಾಗುವ ದಾರಿಗಳನ್ನು ಕವಿ ಅಲ್ಲಿ ಎಣಿಸುತ್ತಾನೆ. ಬಲ್ಲವರಿಂದ ಕಲಿಯುವುದು, ಶಾಸ್ತ್ರವನ್ನು ಕೇಳುವುದು, ಮಾಡುವವರನ್ನು ನೋಡುವುದು, ಸ್ವಂತ ವಿವೇಕದಿಂದ ಕಾಣುವುದು, ಸಜ್ಜನರ ಸಂಗದಿಂದ ಅರಿಯುವುದು. ಐದು ದಾರಿಗಳಲ್ಲಿ ಶಾಸ್ತ್ರಕ್ಕೆ ಸಂದದ್ದು ಒಂದು. ಮೂರು ದಾರಿಗಳಿಗೆ ಇನ್ನೊಬ್ಬ ಮನುಷ್ಯನ ಸಾನ್ನಿಧ್ಯ ಬೇಕು. ಹಲವು ಹಳ್ಳಗಳು ಕೂಡಿ ಸಮುದ್ರವಾಗುವ ಹೋಲಿಕೆಯೊಂದಿಗೆ ಪದ್ಯ ಮುಗಿಯುತ್ತದೆ. ಹಳ್ಳಗಳು ಹರಿಯಬೇಕಾದರೆ ನೆಲದಲ್ಲಿ ಇಳಿಜಾರು ಇರಬೇಕು. ಕಾರ್ಯಸ್ಥಳದ ಸಂಸ್ಕೃತಿಯನ್ನು ಆ ಇಳಿಜಾರಿಗೆ ಹೋಲಿಸಬಹುದು.

ಅವ್ಯಕ್ತಜ್ಞಾನವನ್ನು ಹಂಚಿಕೊಳ್ಳುವುದು ಏಕೆ ಕಷ್ಟವೆಂಬುದಕ್ಕೆ ಜಪಾನಿನ ಒಂದು ಉದಾಹರಣೆ ಪ್ರಸಿದ್ಧವಾಗಿದೆ. 1980ರ ದಶಕದ ನಡುವಿನಲ್ಲಿ ಒಸಾಕಾದ ಮತ್ಸುಶಿತ ಕಂಪನಿಯ ತಂತ್ರಜ್ಞರು ಮನೆಯಲ್ಲಿಯೇ ಬ್ರೆಡ್ಡು ಮಾಡುವ ಯಂತ್ರವನ್ನು ರೂಪಿಸುತ್ತಿದ್ದರು. ಯಂತ್ರ ನಾದಿದ ಹಿಟ್ಟು ಸರಿಯಾಗಿ ಬೇಯುತ್ತಿರಲಿಲ್ಲ. ಮೇಲ್ಪದರ ಕರಕಾದರೂ ಒಳಗೆ ಹಸಿಯಾಗಿ ಉಳಿಯುತ್ತಿತ್ತು. ಆಗ ಇಕುಕೊ ತನಾಕಾ ಎಂಬ ತಂತ್ರಜ್ಞೆ ನಗರದ ಹೆಸರುವಾಸಿ ಹೋಟೆಲೊಂದರ ಮುಖ್ಯ ಬ್ರೆಡ್ಡುಗಾರನ ಬಳಿ ಶಿಷ್ಯವೃತ್ತಿಗೆ ನಿಂತರು. ಅವನು ಹಿಟ್ಟನ್ನು ಬರಿದೇ ನಾದುತ್ತಿರಲಿಲ್ಲ, ಎಳೆಯುವಾಗ ತಿರುಚುತ್ತಿದ್ದನು ಎಂಬುದು ಅವರ ಕಣ್ಣಿಗೆ ಬಿತ್ತು. ಹಾಗೆ ಮಾಡುತ್ತಿದ್ದೇನೆಂದು ಅವನು ಎಲ್ಲಿಯೂ ಬರೆದಿಟ್ಟಿರಲಿಲ್ಲ. ತಂತ್ರಜ್ಞರು ಯಂತ್ರದ ಪಾತ್ರೆಯ ಒಳಮೈಗೆ ಏಣುಗಳನ್ನು ಕೂಡಿಸಿ ಆ ತಿರುಚನ್ನು ಸಾಧಿಸಿದರು. 1987ರಲ್ಲಿ ಯಂತ್ರ ಮಾರುಕಟ್ಟೆಗೆ ಬಂದಿತು. ಇಕುಜಿರೊ ನೊನಾಕಾ ಮತ್ತು ಹಿರೊತಾಕಾ ತಾಕೆಉಚಿ ಎಂಬ ವಿದ್ವಾಂಸರು 1995ರ ತಮ್ಮ ಗ್ರಂಥದಲ್ಲಿ ಈ ಪ್ರಸಂಗವನ್ನು ವಿವರವಾಗಿ ಚರ್ಚಿಸಿದ್ದಾರೆ. ನಾವು ಗಮನಿಸಬೇಕಾದ ಅಂಶ ಇನ್ನೊಂದಿದೆ. ಕಂಪನಿಯ ಮೇಲಧಿಕಾರಿಗಳು ತಮ್ಮ ತಂತ್ರಜ್ಞೆಯೊಬ್ಬರು ಅಡಿಗೆಮನೆಯಲ್ಲಿ ದಿನ ಕಳೆಯುವುದನ್ನು ಕೆಲಸವೆಂದು ಒಪ್ಪಿಕೊಂಡರು. ಹಾಗೆ ಒಪ್ಪದಿದ್ದರೆ ಆ ತಿರುಚು ಬ್ರೆಡ್ಡುಗಾರನ ಕೈಯಲ್ಲಿಯೇ ಉಳಿಯುತ್ತಿತ್ತು.

ನಕಲುಯಂತ್ರದ ದುರಸ್ತಿಗಾರರು

ಕಾರ್ಯಸ್ಥಳದ ಸಂಸ್ಕೃತಿಗೂ ಅರಿವಿನ ಹಂಚಿಕೆಗೂ ಇರುವ ಸಂಬಂಧವನ್ನು ಸ್ಪಷ್ಟವಾಗಿ ತೋರಿಸಿಕೊಡುವ ಪ್ರಸಂಗ ಅಮೆರಿಕದ ಝೆರಾಕ್ಸ್ ಕಂಪನಿಯದು. ನಮ್ಮೂರ ಅಂಗಡಿಗಳಲ್ಲಿ ‘ಝೆರಾಕ್ಸ್ ಮಾಡಿಕೊಡಿ’ ಎಂದು ಕೇಳುವಾಗ ನಾವು ಆ ಕಂಪನಿಯ ಹೆಸರನ್ನೇ ಹೇಳುತ್ತಿರುತ್ತೇವೆ. ಜೂಲಿಯನ್ ಓರ್ ಎಂಬ ಮಾನವಶಾಸ್ತ್ರಜ್ಞ ಆ ಕಂಪನಿಯ ಸಂಶೋಧನ ಕೇಂದ್ರದಲ್ಲಿದ್ದನು. ಹಿಂದೆ ತಾನೂ ಯಂತ್ರ ದುರಸ್ತಿಯ ಕೆಲಸ ಮಾಡಿದವನು. ಮಾನವಶಾಸ್ತ್ರಜ್ಞರು ಬುಡಕಟ್ಟುಗಳ ನಡುವೆ ಹೋಗಿ ನೆಲೆಸುವಂತೆ ಇವನು 1980ರ ದಶಕದಲ್ಲಿ ದುರಸ್ತಿಗಾರರ ನಡುವೆ ನೆಲೆಸಿ ಅವರ ದಿನಚರಿಯನ್ನು ದಾಖಲಿಸಿದನು. ಅವನ ಗ್ರಂಥ 1996ರಲ್ಲಿ ಪ್ರಕಟವಾಯಿತು.

ಕಂಪನಿಯ ಕಲ್ಪನೆಯಲ್ಲಿ ದುರಸ್ತಿಯೆಂಬುದು ಸರಳವಾದ ಕೆಲಸವಾಗಿತ್ತು. ಯಂತ್ರವು ದೋಷದ ಸಂಕೇತವನ್ನು ತೋರಿಸುತ್ತದೆ. ದುರಸ್ತಿಗಾರನು ಕೈಪಿಡಿಯನ್ನು ತೆರೆದು ಅದರಲ್ಲಿ ಹೇಳಿದಂತೆ ಮಾಡುತ್ತಾನೆ. ಕಾರ್ಯಕ್ಷೇತ್ರದಲ್ಲಿ ಹಾಗೆ ನಡೆಯುತ್ತಿರಲಿಲ್ಲ. ಒಂದೇ ಮಾದರಿಯ ಎರಡು ಯಂತ್ರಗಳು ಎರಡು ಬಗೆಯಲ್ಲಿ ಕೆಡುತ್ತಿದ್ದವು. ಕೈಪಿಡಿ ಕಾಣದ ದೋಷಗಳು ಎದುರಾಗುತ್ತಿದ್ದವು. ಆಗ ದುರಸ್ತಿಗಾರರು ಮಾಡುತ್ತಿದ್ದುದು ಪರಸ್ಪರ ಕತೆ ಹೇಳುವುದನ್ನು. ಬೆಳಗಿನ ಉಪಾಹಾರದ ಮೇಜಿನಲ್ಲಿ, ಊಟದ ಬಿಡುವಿನಲ್ಲಿ ಒಬ್ಬನು ತನ್ನ ನಿನ್ನೆಯ ಯಂತ್ರದ ಹಟವನ್ನು ವರ್ಣಿಸಿದರೆ ಇನ್ನೊಬ್ಬನಿಗೆ ಕಳೆದ ವರ್ಷದ ಪ್ರಸಂಗವೊಂದು ನೆನಪಾಗುತ್ತಿತ್ತು. ಕತೆಗೆ ಕತೆ ಕೂಡಿ ದೋಷದ ಮೂಲ ಹೊಳೆಯುತ್ತಿತ್ತು. ಕಚೇರಿಯ ಲೆಕ್ಕಪುಸ್ತಕವು ಆ ಹರಟೆಯನ್ನು ವ್ಯರ್ಥ ಕಾಲವೆಂದು ಎಣಿಸಬಹುದಿತ್ತು. ದುರಸ್ತಿಗಾರರ ಪಾಠಶಾಲೆ ಮಾತ್ರ ಅದೇ ಆಗಿತ್ತೆಂಬುದನ್ನು ಓರ್ ತೋರಿಸಿಕೊಟ್ಟನು.

ಈ ಅಧ್ಯಯನದಿಂದ ಕಂಪನಿ ಪಾಠ ಕಲಿಯಿತು. 1990ರ ದಶಕದಲ್ಲಿ ಫ್ರಾನ್ಸಿನ ದುರಸ್ತಿಗಾರರೊಡನೆ ಕೂಡಿ ‘ಯುರೇಕಾ’ ಎಂಬ ವ್ಯವಸ್ಥೆಯನ್ನು ಕಟ್ಟಿತು. ಕೈಪಿಡಿಯಲ್ಲಿಲ್ಲದ ಉಪಾಯವನ್ನು ಕಂಡುಕೊಂಡ ದುರಸ್ತಿಗಾರನು ಅದನ್ನು ನಾಲ್ಕು ಮಾತಿನಲ್ಲಿ ಬರೆದು ಕಳಿಸಬೇಕು. ಅದೇ ವೃತ್ತಿಯ ಅನುಭವಿಗಳು ಅದನ್ನು ಪರೀಕ್ಷಿಸಬೇಕು. ಒಪ್ಪಿಗೆಯಾದರೆ ಅದು ಬರೆದವನ ಹೆಸರಿನೊಂದಿಗೆ ಎಲ್ಲರಿಗೂ ದೊರೆಯಬೇಕು. ಪ್ರತಿಯೊಂದು ಉಪಾಯಕ್ಕೆ ಹಣದ ಬಹುಮಾನ ಕೊಡುವ ಮಾತೂ ಬಂದಿತ್ತು. ದುರಸ್ತಿಗಾರರೇ ಅದನ್ನು ಬೇಡವೆಂದರು. ಹಣ ಬಂದರೆ ಎಣಿಕೆ ಹೆಚ್ಚಿಸುವ ಆಸೆ ಹುಟ್ಟಿ ಗುಣ ಇಳಿಯುತ್ತದೆ ಎಂಬುದು ಅವರ ಅಭಿಪ್ರಾಯ. ಅವರಿಗೆ ಬೇಕಾಗಿದ್ದುದು ತಮ್ಮ ಹೆಸರು ಮತ್ತು ಸಮಾನರ ಮನ್ನಣೆ. ಬ್ರೆಜಿಲ್‌ನಲ್ಲಿ ದುಬಾರಿ ವರ್ಣಯಂತ್ರವೊಂದನ್ನು ಪೂರ್ತಿಯಾಗಿ ಬದಲಿಸಲು ಹೊರಟಿದ್ದ ತಂತ್ರಜ್ಞನೊಬ್ಬನು, ಕೆನಡಾದ ಮಾಂಟ್ರಿಯಲ್‌ನ ದುರಸ್ತಿಗಾರನು ಬರೆದಿದ್ದ ಉಪಾಯವನ್ನು ಕಂಡು, ಒಂದು ಡಾಲರಿಗೂ ಕಡಿಮೆ ಬೆಲೆಯ ಬಿಡಿಭಾಗವನ್ನು ಹಾಕಿ ಅದನ್ನು ಸರಿಪಡಿಸಿದ ಪ್ರಸಂಗವನ್ನು ಇಂದಿಗೂ ಉದಾಹರಿಸುತ್ತಾರೆ.

ಮುಖ ಕಾಣದವನ ಮಾತನ್ನು ಬ್ರೆಜಿಲ್‌ನವನು ನಂಬಿದ್ದು ಏಕೆ? ಅದನ್ನು ತನ್ನಂತೆಯೇ ಕೈ ಮಸಿ ಮಾಡಿಕೊಳ್ಳುವವರು ಪರೀಕ್ಷಿಸಿದ್ದರು. ಮಾಂಟ್ರಿಯಲ್‌ನವನು ಬರೆದದ್ದು ಏಕೆ? ಬರೆದರೆ ತನಗೆ ಗೌರವ ದೊರೆಯುತ್ತದೆ, ಕೇಡಾಗುವುದಿಲ್ಲ ಎಂಬ ಭರವಸೆ ಅವನಿಗಿತ್ತು. ಯುರೇಕಾದ ಗಣಕಯಂತ್ರವನ್ನು ಯಾರಾದರೂ ಹಣ ಕೊಟ್ಟು ತಂದುಕೊಳ್ಳಬಹುದು. ಈ ನಂಬಿಕೆ ಮತ್ತು ಭರವಸೆ ಕಾರ್ಯಸ್ಥಳದಲ್ಲಿಯೇ ಬೆಳೆಯಬೇಕು.

ಮನುಷ್ಯರು ಏಕೆ ಬಚ್ಚಿಡುತ್ತಾರೆ?

ಅರಿವನ್ನು ತಡೆಹಿಡಿಯಲು ಸಾಮಾನ್ಯವಾಗಿ ನಾಲ್ಕು ಕಾರಣಗಳು ಕಾಣುತ್ತವೆ.

ಮೊದಲನೆಯದು ಸ್ಥಾನದ ಭಯ. ಗೊತ್ತಿರುವುದನ್ನೆಲ್ಲ ಹೇಳಿಬಿಟ್ಟರೆ ನಾಳೆ ನನ್ನ ಅಗತ್ಯವೇನು ಎಂಬ ಶಂಕೆ. ನೌಕರಿ ಗಟ್ಟಿಯಾಗಿಲ್ಲದವರಲ್ಲಿ ಇದು ಹೆಚ್ಚು. ಅವರ ಬಳಿ ಇರುವ ಬಂಡವಾಳವೇ ಆ ಅರಿವು. ಮುಂಬಯಿ, ಸೊಲ್ಲಾಪುರಗಳ ಹಳೆಯ ಗಿರಣಿಗಳಲ್ಲಿ ಕೂಲಿಗಾರರನ್ನು ಸೇರಿಸಿಕೊಳ್ಳುವ, ಅವರ ಮೇಲೆ ಉಸ್ತುವಾರಿ ನಡೆಸುವ ‘ಜಾಬರ್’ ಇರುತ್ತಿದ್ದನು. ಕೆಲಸ ಕಲಿಸುವುದೂ ಕೊಡುವುದೂ ಅವನ ಕೈಯಲ್ಲಿ ಇದ್ದುದರಿಂದ ಅರಿವು ಅಧಿಕಾರದ ಅಂಗವಾಗಿತ್ತು. ಅಂತಹ ಕಡೆ ಕಲಿಯುವವನು ಮೊದಲು ಋಣಿಯಾಗಬೇಕಾಗುತ್ತಿತ್ತು.

ಎರಡನೆಯದು ವೇಳೆ ಇಲ್ಲದಿರುವುದು. ನಮ್ಮ ವಿದ್ಯಾರ್ಥಿಯೊಬ್ಬನ ತಂದೆ ಯಂತ್ರಮಗ್ಗದ ಕಾರಖಾನೆಯಲ್ಲಿ ನೇಕಾರರು. ಲಾಳಿಯ ಸದ್ದು ತುಸು ಬದಲಾದರೆ ಸಾಕು, ಹೊಕ್ಕಿನ ನೂಲು ಎಲ್ಲಿ ಕಡಿಯುತ್ತದೆಂಬುದನ್ನು ಹೇಳಬಲ್ಲವರು. ಹೊಸ ಹುಡುಗರಿಗೆ ಇದನ್ನು ಕಲಿಸುತ್ತೀರಾ ಎಂದು ನಾನು ಕೇಳಿದೆ. “ಕಲಸೂದಂದ್ರ ನನ್ನ ಮಗ್ಗಾ ನಿಲ್ಲಸಬೇಕಾಗ್ತದ್ರೀ ಸರ, ನೇಯ್ದಷ್ಟ ಕೂಲಿ. ನಿಂತ ಹೊತ್ತಿನ ಪಗಾರ ಯಾರ ಕೊಡ್ತಾರ್ರಿ?” ಎಂದರು. ಜಿಪುಣತನದ ಮಾತಿಗೆ ಇಲ್ಲಿ ಎಡೆಯೇ ಇಲ್ಲ. ನೇಯ್ದ ಬಟ್ಟೆಗೆ ಮಾತ್ರ ಬೆಲೆ ಕಟ್ಟುವ ವ್ಯವಸ್ಥೆ ಕಲಿಸುವವನಿಗೆ ದಂಡ ಹಾಕುತ್ತದೆ. ಆಮೇಲೆ ಕುಶಲ ಕೆಲಸಗಾರರು ಸಿಗುವುದಿಲ್ಲವೆಂದು ದೂರುತ್ತದೆ.

ಮೂರನೆಯದು ಅವಮಾನದ ಭಯ. ಕೇಳಿದರೆ ಅಜ್ಞಾನಿಯೆನಿಸಿಕೊಳ್ಳುತ್ತೇನೆ, ತಪ್ಪನ್ನು ಒಪ್ಪಿಕೊಂಡರೆ ಅಸಮರ್ಥನೆನಿಸಿಕೊಳ್ಳುತ್ತೇನೆ ಎಂಬ ಅಂಜಿಕೆ. ಏಮಿ ಎಡ್ಮಂಡ್ಸನ್ ಎಂಬ ವಿದುಷಿ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡುತ್ತಿದ್ದರು. ಒಳ್ಳೆಯ ನಾಯಕತ್ವ, ಒಳ್ಳೆಯ ಹೊಂದಾಣಿಕೆ ಇರುವ ತಂಡಗಳಲ್ಲಿ ತಪ್ಪುಗಳು ಕಡಿಮೆ ಇರಬೇಕೆಂದು ಅವರು ನಿರೀಕ್ಷಿಸಿದ್ದರು. ಅಂಕಿ ಅಂಶ ತಿರುವುಮುರುವಾಗಿ ಬಂದಿತು. ಒಳ್ಳೆಯ ತಂಡಗಳಲ್ಲಿಯೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ವಿಚಾರಿಸಿದಾಗ ಕಾರಣ ತಿಳಿಯಿತು. ಅಲ್ಲಿನ ದಾದಿಯರು ತಪ್ಪನ್ನು ನಿರ್ಭಯವಾಗಿ ಹೇಳುತ್ತಿದ್ದರು, ಇತರ ಕಡೆ ಮುಚ್ಚಿಡುತ್ತಿದ್ದರು. ಮುಂದೆ 1999ರಲ್ಲಿ, ಕಾರಖಾನೆಯೊಂದರ 51 ತಂಡಗಳ ಅಧ್ಯಯನದ ಆಧಾರದ ಮೇಲೆ ಅವರು ‘ಮಾನಸಿಕ ಸುರಕ್ಷೆ’ ಎಂಬ ಪರಿಕಲ್ಪನೆಯನ್ನು ಮಂಡಿಸಿದರು. ಪ್ರಶ್ನೆ ಕೇಳಿದರೆ, ತಪ್ಪೊಪ್ಪಿಕೊಂಡರೆ, ಭಿನ್ನಮತ ಹೇಳಿದರೆ ತನ್ನನ್ನು ಹಳಿಯುವುದಿಲ್ಲ ಎಂದು ತಂಡದ ಸದಸ್ಯರೆಲ್ಲರೂ ನಂಬಿರುವ ಸ್ಥಿತಿ ಅದು. ಅಂತಹ ತಂಡಗಳು ಹೆಚ್ಚು ಕಲಿಯುತ್ತವೆ ಎಂಬುದು ಅವರ ನಿಷ್ಕರ್ಷೆ.

ನಾಲ್ಕನೆಯದು ಹೇಳಿದರೂ ಕೇಳುವವರಿಲ್ಲವೆಂಬ ನಿರಾಶೆ. ಇದರ ದಾರುಣ ಉದಾಹರಣೆಯೆಂದರೆ 1986ರ ಜನವರಿ 28ರಂದು ನಡೆದ ಚಾಲೆಂಜರ್ ಗಗನನೌಕೆಯ ದುರಂತ. ಹಿಂದಿನ ರಾತ್ರಿಯ ದೂರವಾಣಿ ಸಭೆಯಲ್ಲಿ, ರಾಕೆಟ್ಟನ್ನು ತಯಾರಿಸಿದ ಕಂಪನಿಯ ತಂತ್ರಜ್ಞರು ಚಳಿಯಲ್ಲಿ ರಬ್ಬರಿನ ಉಂಗುರಗಳು ಸೆಡೆತು ಸಂದುಗಳು ಭದ್ರವಾಗಿ ಮುಚ್ಚಲಾರವೆಂದು ಎಚ್ಚರಿಸಿದ್ದರು; ಉಷ್ಣತೆ 12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಉಡಾವಣೆ ಬೇಡವೆಂದಿದ್ದರು. ನಾಸಾದ ಅಧಿಕಾರಿಗಳು ಅಸಮಾಧಾನ ತೋರಿದರು. ಕಂಪನಿಯ ಮೇಲಧಿಕಾರಿಗಳು ತಮ್ಮ ತಮ್ಮಲ್ಲಿಯೇ ಸಮಾಲೋಚಿಸಿ ತಂತ್ರಜ್ಞರ ಸಲಹೆಯನ್ನು ಬದಿಗಿಟ್ಟು ಒಪ್ಪಿಗೆ ಕೊಟ್ಟರು. ಮೇಲಕ್ಕೇರಿದ 73 ಸೆಕೆಂಡುಗಳಲ್ಲಿ ನೌಕೆ ಛಿದ್ರವಾಗಿ, ಅದರಲ್ಲಿದ್ದ ಏಳು ಮಂದಿ ಮಡಿದರು. ಇಲ್ಲಿ ಅರಿವು ಇತ್ತು. ಅದನ್ನು ಹೇಳುವ ಧೈರ್ಯವೂ ಇತ್ತು. ಕೇಳುವ ಕಿವಿ ಇರಲಿಲ್ಲ.

ನಾಯಕರು ಏನು ಮಾಡಬಲ್ಲರು?

ಈ ನಾಲ್ಕು ಕಾರಣಗಳನ್ನು ನೋಡಿದರೆ ನಾಯಕತ್ವದ ಹೊಣೆ ಯಾವುದೆಂಬುದು ತಾನಾಗಿಯೇ ತಿಳಿಯುತ್ತದೆ. ‘ಎಲ್ಲರೂ ಅರಿವನ್ನು ಹಂಚಿಕೊಳ್ಳತಕ್ಕದ್ದು’ ಎಂಬ ಸುತ್ತೋಲೆಯಿಂದ ಕೆಲಸವಾಗುವುದಿಲ್ಲ. ಕೆಳಗಿನವರು ಮೇಲಿನವರ ಮಾತಿಗಿಂತ ಅವರ ನಡೆಯನ್ನು ಹೆಚ್ಚು ಗಮನಿಸುತ್ತಾರೆ. ಕೆಟ್ಟ ಸುದ್ದಿ ತಂದವನಿಗೆ ಏನಾಯಿತು, ಪ್ರಶ್ನೆ ಕೇಳಿದವನತ್ತ ಸಾಹೇಬರು ಹೇಗೆ ನೋಡಿದರು, ಇನ್ನೊಬ್ಬನ ಉಪಾಯ ಯಾರ ಹೆಸರಿನಲ್ಲಿ ವರದಿಯಾಯಿತು ಎಂಬುದರಿಂದ ಒಂದು ಕಚೇರಿಯ ಸಂಸ್ಕೃತಿ ರೂಪುಗೊಳ್ಳುತ್ತದೆ.

ಜಪಾನಿನ ಟೊಯೋಟಾ ಕಾರಖಾನೆಗಳಲ್ಲಿ ಜೋಡಣೆಯ ಸಾಲಿನ ಉದ್ದಕ್ಕೂ ಒಂದು ಹಗ್ಗವಿರುತ್ತಿತ್ತು. ದೋಷ ಕಂಡ ಯಾವ ಕೆಲಸಗಾರನೇ ಆಗಲಿ ಅದನ್ನು ಎಳೆಯಬಹುದು. ಎಳೆದೊಡನೆ ತಂಡದ ಮುಖ್ಯಸ್ಥನು ಅಲ್ಲಿಗೆ ಬರುತ್ತಾನೆ. ನಿಗದಿತ ಅವಧಿಯೊಳಗೆ ಪರಿಹಾರವಾಗದಿದ್ದರೆ ಸಾಲು ನಿಲ್ಲುತ್ತದೆ. ಮುಖ್ಯಸ್ಥನು ಗದರುತ್ತ ಬಂದರೆ ಮರುದಿನ ಆ ಹಗ್ಗವನ್ನು ಯಾರೂ ಮುಟ್ಟುವುದಿಲ್ಲ. ಏನಾಯಿತೆಂದು ವಿಚಾರಿಸುತ್ತ ಬಂದರೆ ಕೆಲಸಗಾರನ ಕಣ್ಣಿಗೆ ಬಿದ್ದ ದೋಷ ಇಡೀ ಕಾರಖಾನೆಯ ಪಾಠವಾಗುತ್ತದೆ.

ನಮ್ಮ ಪರಂಪರೆಯಲ್ಲಿಯೂ ಇದಕ್ಕೆ ನಿದರ್ಶನಗಳಿವೆ. 12ನೆಯ ಶತಮಾನದ ಶರಣರ ಹೆಸರುಗಳನ್ನೇ ನೋಡಿ: ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ನುಲಿಯ ಚಂದಯ್ಯ. ಕಾಯಕವೇ ಹೆಸರಿನ ಭಾಗವಾಗಿದೆ. ದುಡಿಯುವ ಕೈಗಳಿಗೆ ಮಾತನಾಡುವ ಹಕ್ಕು ದೊರೆತಿದೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಮಡದಿ ಲಕ್ಕಮ್ಮ ಅದು ಆಸೆಯ ಗುರುತೆಂದು ಎಚ್ಚರಿಸಿ, ಹೆಚ್ಚಿನದನ್ನು ಹಿಂದಕ್ಕೆ ಕೊಟ್ಟು ಬರುವಂತೆ ಹೇಳಿದ ಪ್ರಸಂಗ ನಿಮಗೆ ಗೊತ್ತಿದೆ. ಮಾರಯ್ಯನು ಆ ಮಾತನ್ನು ಕೇಳಿದನು. ಇನ್ನೊಂದು ಪ್ರಸಂಗ ನಮ್ಮ ನೆಲದ್ದೇ. ಶಿವಗಣಪ್ರಸಾದಿ ಮಹಾದೇವಯ್ಯನು 15ನೆಯ ಶತಮಾನದಲ್ಲಿ ಸಂಪಾದಿಸಿದ ಶೂನ್ಯಸಂಪಾದನೆಯಲ್ಲಿ, ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನ ಬಳಿಗೆ ಅಲ್ಲಮಪ್ರಭು ಬರುತ್ತಾನೆ. ಕೆರೆಯ ಕೆಲಸದಲ್ಲಿಯೇ ಮುಳುಗಿದ್ದ ಆತನನ್ನು ಒಡ್ಡನೆಂದು ಮೂದಲಿಸುತ್ತಾನೆ. ಕೆಲಸದವರು ಕಲ್ಲು ಬೀರುತ್ತಾರೆ. ಸಿದ್ಧರಾಮನೂ ಕೋಪದಿಂದಲೇ ಬರುತ್ತಾನೆ. ಆದರೆ ವಾದ ಮುಂದುವರಿದಂತೆ ಅವನ ಕೋಪ ಕರಗುತ್ತದೆ. ತನ್ನೂರಿನಲ್ಲಿ ಪೂಜ್ಯನಾಗಿದ್ದವನು ಕೇಳುವವನಾಗಿ ಪ್ರಭುವಿನೊಡನೆ ಕಲ್ಯಾಣಕ್ಕೆ ಹೊರಡುತ್ತಾನೆ. ಇದರ ಆಧ್ಯಾತ್ಮಿಕ ಅರ್ಥವನ್ನು ನೀವು ತರಗತಿಯಲ್ಲಿ ಓದುತ್ತೀರಿ. ನಾನು ಇಲ್ಲಿ ಗಮನಿಸುತ್ತಿರುವುದು ನಾಯಕನ ನಡೆಯನ್ನು. ಸಾವಿರ ಮಂದಿ ತನ್ನನ್ನು ಹೊಗಳುತ್ತಿರುವಾಗ ತನಗೆ ತಿಳಿಯದುದು ಉಂಟೆಂದು ಒಪ್ಪಿಕೊಂಡವನು ಅವನು.

ಗಡಿನಾಡಿನ ಒಂದು ತೊಡಕು

ನಮ್ಮ ಭಾಗದಲ್ಲಿ ಇನ್ನೊಂದು ಕಾರಣವೂ ಸೇರುತ್ತದೆ. ಅದು ಭಾಷೆ. ಸೊಲ್ಲಾಪುರದ ಮಗ್ಗದ ಕಾರಖಾನೆಯಲ್ಲಿ ಮರಾಠಿ, ಕನ್ನಡ, ತೆಲುಗು, ದಖ್ಖನಿ ನಾಲ್ಕೂ ಕೇಳಿಬರುತ್ತವೆ. ಕೆಲಸವನ್ನು ಕನ್ನಡದಲ್ಲಿ ಕಲಿತವನಿಗೆ ಅದನ್ನು ಕಚೇರಿಯ ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ವರದಿ ಮಾಡೆಂದರೆ ಅವನು ಸುಮ್ಮನಾಗುತ್ತಾನೆ. ಕೈಗೆ ತಿಳಿದದ್ದು ಆ ಭಾಷೆಯಲ್ಲಿ ನಾಲಿಗೆಗೆ ಬರುವುದಿಲ್ಲ. ಹಾಗೆ ಸುಮ್ಮನಿದ್ದವನನ್ನು ಏನೂ ತಿಳಿಯದವನೆಂದು ಎಣಿಸುವುದು ಸುಲಭ.

ಇದು ನನಗೆ ಓದಿ ತಿಳಿದ ವಿಷಯವಲ್ಲ. ನಾನು ಕನ್ನಡ ಶಾಲೆಯಿಂದ ಮರಾಠಿ ಶಾಲೆಗೆ ಹೋದ ವರ್ಷ ಗಣಿತದಲ್ಲಿ ಹಿಂದೆ ಬಿದ್ದವನೆಂದು ಲೆಕ್ಕಕ್ಕೆ ಸೇರಿದೆ. ಉತ್ತರ ಗೊತ್ತಿರುತ್ತಿತ್ತು, ಅದನ್ನು ಹೇಳುವ ಪದ ಗೊತ್ತಿರುತ್ತಿರಲಿಲ್ಲ. ಮುಂದೆ ಬಂದ ಗುರುಗಳೊಬ್ಬರು “ಮೊದಲ ಕನ್ನಡದಾಗ ಹೇಳು, ಆಮ್ಯಾಲ ಇಬ್ಬರೂ ಕೂಡಿ ಮರಾಠಿ ಮಾಡೂಣು” ಎಂದರು. ಎರಡು ವಾಕ್ಯಗಳ ಆ ಮಾತಿನಿಂದ ನನ್ನ ಶಾಲೆಯ ದಿನಗಳೇ ಬದಲಾದವು. ನಾಯಕತ್ವದ ಬೆಂಬಲವೆಂದರೇನೆಂದು ಯಾರಾದರೂ ಕೇಳಿದರೆ ನನಗೆ ಇಂದಿಗೂ ಮೊದಲು ನೆನಪಾಗುವುದು ಅದೇ ಮಾತು. ಎರಡು ಭಾಷೆ ಬಲ್ಲ ನೀವು ನಾಳೆ ಯಾವ ಕಚೇರಿಯಲ್ಲಿದ್ದರೂ, ಅನುಭವವಿದ್ದೂ ಮಾತು ಬಾರದೆ ನಿಂತವರಿಗೆ ಈ ನೆರವನ್ನು ನೀಡಬಲ್ಲಿರಿ. ಭಾಷೆಯ ವಿದ್ಯಾರ್ಥಿಗೆ ಇದಕ್ಕಿಂತ ಉಪಯುಕ್ತವಾದ ಕೆಲಸ ಕಡಿಮೆ.

ನನ್ನದೇ ತಪ್ಪು

ಕೊನೆಗೆ ನನ್ನ ತಪ್ಪನ್ನೂ ಹೇಳಬೇಕು. ಇಷ್ಟೆಲ್ಲ ತಿಳಿದ ಮೇಲೆಯೂ ನಾನು ಹಲವು ವರ್ಷ ಅದೇ ಕಪಾಟಿನ ಹಿರಿಯನಾಗಿದ್ದೆ. ತಾಸಿನ ಲೆಕ್ಕದಲ್ಲಿ ಕಲಿಸಲು ಬರುತ್ತಿದ್ದ ಯುವ ಅಧ್ಯಾಪಕಿಯೊಬ್ಬರು ಒಂದು ವರ್ಷ ನಮ್ಮೊಡನಿದ್ದರು. ಮಕ್ಕಳು ಹಳಗನ್ನಡಕ್ಕೆ ಹಿಂದೇಟು ಹಾಕುವುದನ್ನು ಕಂಡು ಬಹಳ ಶ್ರಮಪಟ್ಟರು. ವರ್ಷದ ಕೊನೆಗೆ, ಬೇರೆಡೆ ಕೆಲಸ ಸಿಕ್ಕಿ ಹೊರಡುವ ದಿನ, “ಸರ್, ನೀವು ಛಂದಸ್ಸನ್ನು ಮರಾಠಿಯಿಂದ ಆರಂಭಿಸುತ್ತೀರೆಂದು ಮಕ್ಕಳು ಹೇಳಿದರು. ನನಗೆ ಮೊದಲೇ ತಿಳಿದಿದ್ದರೆ ಚೆನ್ನಾಗಿತ್ತು” ಎಂದರು. “ಕೇಳಿದ್ದರೆ ಹೇಳುತ್ತಿದ್ದೆನಲ್ಲ” ಎಂದೆ. “ಕೇಳಿದರೆ ಇಷ್ಟೂ ಗೊತ್ತಿಲ್ಲವೇ ಅಂತೀರೇನೋ ಅಂತ ಹೆದರಿದೆ ಸರ್. ಮುಂದಿನ ವರ್ಷ ಕರೆಯದಿದ್ದರೆ?” ಎಂದರು. ನಾನು ಉತ್ತರಿಸಲಾಗಲಿಲ್ಲ. ಅವರ ಮೌನದಲ್ಲಿ ಅವರ ಸ್ವಭಾವದ ಪಾಲು ಬಹಳ ಕಡಿಮೆ. ಅವರ ನೌಕರಿಯ ಅಭದ್ರತೆಯನ್ನು ನಾನು ನೀಗಿಸಲಾರದೆ ಇದ್ದೆ. ಕೇಳಲು ಅಂಜದಂತಹ ವಾತಾವರಣವನ್ನು ಖಂಡಿತ ನಿರ್ಮಿಸಬಹುದಿತ್ತು. ಅವರು ಕಂಡುಕೊಂಡಿದ್ದ ಎಷ್ಟೋ ಸಂಗತಿಗಳನ್ನು ನಾನೂ ಕೇಳಿರಲಿಲ್ಲ. ಅವೂ ಅವರೊಡನೆ ಹೋದವು.

ಆ ನಂತರ ವಿಭಾಗದಲ್ಲಿ ಕೆಲವು ಸಣ್ಣ ಬದಲಾವಣೆಗಳನ್ನು ಮಾಡಿದೆವು. ಕಪಾಟಿನ ಬೀಗ ತೆಗೆದೆವು. ಮೇಜಿನ ಮೇಲೆ ಒಂದು ದಪ್ಪ ವಹಿ ಇಟ್ಟೆವು. ಯಾವ ಪಾಠದಲ್ಲಿ ಮಕ್ಕಳು ಎಲ್ಲಿ ಎಡವಿದರು, ಯಾವ ಉದಾಹರಣೆಯಿಂದ ತಿಳಿಯಿತು ಎಂಬುದನ್ನು ಕಲಿಸಿದವರು ನಾಲ್ಕು ಸಾಲಿನಲ್ಲಿ ಹೆಸರಿನೊಂದಿಗೆ ಬರೆಯುತ್ತಾರೆ. ತಿಂಗಳಿಗೊಮ್ಮೆ ಒಬ್ಬರ ತರಗತಿಯಲ್ಲಿ ಉಳಿದವರು ಕುಳಿತುಕೊಳ್ಳುತ್ತಾರೆ. ಮೊದಲ ಸರದಿ ನನ್ನದಾಗಿತ್ತು. ವಹಿಯ ಮೊದಲ ಪುಟದಲ್ಲಿ ನನ್ನದೇ ಒಂದು ತಪ್ಪನ್ನು ಬರೆದೆ. ಮೊದಲು ಕೆಲವು ವಾರ ಬೇರೆ ಯಾರೂ ಏನೂ ಬರೆಯಲಿಲ್ಲ. ಆಮೇಲೆ ನಿಧಾನವಾಗಿ ಪುಟಗಳು ತುಂಬತೊಡಗಿದವು.

ಗಡಿನಾಡಿನ ಕನ್ನಡ ವಿಭಾಗಗಳು ಚಿಕ್ಕವು. ಎಷ್ಟೋ ಕಡೆ ಒಬ್ಬರು ಅಥವಾ ಇಬ್ಬರು ಅಧ್ಯಾಪಕರಿರುತ್ತಾರೆ. ದೊಡ್ಡ ಕಚೇರಿಯಲ್ಲಿ ಒಬ್ಬರು ಹೇಳದೆ ಹೋದರೆ ಇನ್ನೊಬ್ಬರಾದರೂ ಹೇಳಿಯಾರು. ಇಲ್ಲಿ ಒಬ್ಬರು ಹೇಳದೆ ಹೋದರೆ ಆ ಅರಿವು ಅಲ್ಲಿಗೇ ನಿಂತುಹೋಗುತ್ತದೆ. ಆದ್ದರಿಂದ ಇದು ನಮಗೆ ಆಡಳಿತಶಾಸ್ತ್ರದ ಪ್ರಶ್ನೆಯಷ್ಟೇ ಆಗಿ ಉಳಿಯುವುದಿಲ್ಲ.

ಈ ವರ್ಷದಿಂದ ಆ ವಹಿಯಲ್ಲಿ ವಿದ್ಯಾರ್ಥಿಗಳಿಗೂ ಪುಟಗಳನ್ನು ಮೀಸಲಿಟ್ಟಿದ್ದೇವೆ. ಯಾವ ಪದ್ಯ ತಿಳಿಯಲಿಲ್ಲ, ಯಾವುದು ಹೇಗೆ ತಿಳಿಯಿತು, ನಿಮ್ಮ ಮನೆಯ ಮಾತಿನಲ್ಲಿ ಅದಕ್ಕೆ ಯಾವ ಪದವಿದೆ ಎಂಬುದನ್ನು ಬರೆಯಿರಿ. ಕನ್ನಡದಲ್ಲಿ ಹೊಳೆಯದಿದ್ದರೆ ಮೊದಲು ಮರಾಠಿಯಲ್ಲಿ ಬರೆಯಿರಿ. ಆಮೇಲೆ ಇಬ್ಬರೂ ಕೂಡಿ ಕನ್ನಡ ಮಾಡೋಣ. ವಿಭಾಗದ ಬಾಗಿಲು ಬೆಳಿಗ್ಗೆ ಮೊದಲ ತಾಸಿಗೆ ಮುಂಚೆಯೇ ತೆರೆದಿರುತ್ತದೆ.